ಚಾಚಾ ತೆಗೆದ ಹವಳದ ಫೋಟೊ

ಎದೆಯ ಎಕ್ಸ್‌ರೇ ತೆಗೆಸಿಕೊಂಡು ಹೊರಬಂದಾಗ, ಇನ್ನೂ ಒದ್ದೆಯಿದ್ದ ಫಿಲ್ಮಿನಿಂದ ಫೋಟೊ ತೊಳೆಯುವ ಹೈಪೋದ ಹುಳಿ ವಾಸನೆ ಬಂತು. ಏನೂ ಇಲ್ಲ ಎಂದಿದ್ದರು ಡಾಕ್ಟರು. ಏನೂ ಇಲ್ಲದ ಮೇಲೆ ನೋವೇಕೆ ಎಂಬ ಹೊಸ ಚಿಂತೆ ಹೊತ್ತು ನಿಂತವನಿಗೆ ಎಪ್ಪತ್ತರ ದಶಕದ ಶಹಾಬಾದು, ಚಾಚಾ ಅವರ ಫೋಟೊ ಸ್ಟುಡಿಯೊ ನೆನಪಾದವು...

ಚಾಚಾ ನಮ್ಮ ಪಕ್ಕದ ಮನೆಯವರು. ಅವರ ಮುಂದಿನ ಕೋಣೆಯೇ ಸ್ಟುಡಿಯೊ. ಆಗಷ್ಟೇ ನೌಕರಿ ಸೇರಿದ್ದ ನಾನು ರಜೆಯಲ್ಲೆಲ್ಲ ಅಲ್ಲೇ. ಮೂಲೆಯಲ್ಲೊಂದು ಗಾಜಿನ ತೊಟ್ಟಿ. ಅದರ ನೀರಿನಲ್ಲಿ ಹವಳದ ಬಿಳಿ ಕೊಂಬೆ. ಹಡಗಿನ ಕೆಲಸಕ್ಕೆ ಹೋದ ಚಾಚಾ ಅವರ ತಮ್ಮ ಕಳಿಸಿದ್ದು. ಇದು ಕಲ್ಲಲ್ಲ, ಸಾವಿರ ಬಾಯಿಗಳಿದ್ದ ಜೀವ ಎಂದು ಬರೆದಿದ್ದನಂತೆ. ಆಮೇಲೆ ಅವನ ಕಾಗದ ಬರಲಿಲ್ಲ.

ಚಾಚಿ ನಂಬಿರಲಿಲ್ಲ. “ಊರ ತುಂಬ ಕಲ್ಲೇ ಅದಾವ. ಇದೊಂದಕ್ಕ ನೀರು ಕುಡಸ್ಕೋತ ಕುಂತೀರಿ. ಐತವಾರ ಹಿತ್ತಲಕ್ಕ ಒಗಿತೀನಿ ನೋಡ್ರಿ.”

ಅಷ್ಟರೊಳಗೆ ಆ ಬಾಯಿಗಳನ್ನು ಹತ್ತಿರದಿಂದ ತೆಗೆದು ತೋರಿಸಬೇಕೆಂದು ಚಾಚಾ ಹಟ ಹಿಡಿದರು. ಸಣ್ಣದು ದೊಡ್ಡದಾಗಿ ಕಾಣಲೆಂದು ಕ್ಯಾಮೆರಾದ ಲೆನ್ಸನ್ನು ತಿರುವುಮುರುವಾಗಿ ಕೂಡಿಸಿದರು. ಗಾಜಿನಲ್ಲಿ ತಮ್ಮದೇ ಮುಖ ಮೂಡದಿರಲೆಂದು ಚಾಚಿಯ ಕರಿ ಬುರ್ಖಾ ಹೊದ್ದರು. ಮೊದಲ ಸಲ ಗೂಡ್ಸ್ ಗಾಡಿ ಹಾದು ಮೇಜು ನಡುಗಿತು. ಎರಡನೆಯ ಸಲ, ಕನ್ನಡಿಯಿಂದ ಬಿಸಿಲು ಹಾಯಿಸುತ್ತಿದ್ದ ನನ್ನ ಕೈ.

“ಗಾಡಿ ಹೋದರೂ ನೀವು ನಡಗೋದು ಬಿಡಲಿಲ್ಲಲ್ರಿ” ಎಂದರು ಚಾಚಾ.

ರೀಲಿನಲ್ಲಿ ಒಂದೇ ಚಿತ್ರ ಉಳಿದಿತ್ತು. ಗುಳ್ಳೆ ಅಡಗಲೆಂದು ಎರಡು ದಿನ ನೀರು ಕದಲಿಸದೆ ಬಿಟ್ಟಿದ್ದರು. ಚಾಚಿಯ ಗಡುವಿನ ಭಾನುವಾರ ಬೆಳಿಗ್ಗೆ ಆ ನೀರು ನನಗೆ ಮಂಕಾಗಿ ಕಂಡಿತು. ಚಿಂತೆ ತಾಳದೆ, ಅವರಿಲ್ಲದಾಗ ಬಾವಿಯ ಹೊಸ ನೀರು ತುಂಬಿಸಿಬಿಟ್ಟೆ. ಕೊಂಬೆಯ ಮೈತುಂಬ ಗುಳ್ಳೆ.

ಚಾಚಾ ಬಂದು ನೋಡಿದರು, ನನ್ನನ್ನೂ ನೋಡಿದರು. ಬಾಗಿಲಲ್ಲಿ ಚಾಚಿ: “ನನ್ನ ಬುರ್ಖಾ ಕೊಡ್ರಿ, ಬಜಾರಕ್ಕ ಹೋಗಬೇಕು.” ಇನ್ನು ಕಾಯುವಂತಿರಲಿಲ್ಲ. ಗುಂಡಿ ಒತ್ತಿದರು.

ಸಂಜೆ ಕೆಂಪು ದೀಪದ ಕೋಣೆಯಲ್ಲಿ, ತಟ್ಟೆಯ ನೀರಿನೊಳಗಿನ ಕಾಗದದ ಮೇಲೆ ಚಿತ್ರ ಮೆಲ್ಲಗೆ ಮೂಡಿತು... ನಕ್ಷತ್ರದಂಥ ಪುಟ್ಟ ಬಾಯಿಗಳು, ಒಂದೊಂದರ ತುಟಿಗೂ ಒಂದೊಂದು ಬೆಳ್ಳಿಯ ಹನಿ. ಮೂವರೂ ಯಾವುದೋ ಸಮುದ್ರದ ಅಡಿಯಲ್ಲಿ ನಿಂತಂತಿತ್ತು.

“ಉಸರಾಡಲಿಕತ್ತದಲ್ಲ...” ಎಂದರು ಚಾಚಿ.

ಚಾಚಾಗೆ ಸುಳ್ಳು ಬರುತ್ತಿರಲಿಲ್ಲ. “ಅವು ಬರೇ ಗಾಳಿಗುಳ್ಳಿ.”

“ನಮ್ಮೊಳಗ ಮತ್ತೇನದ? ಅದೂ ಗಾಳೀನೇ.” ಚಾಚಿ ತಟ್ಟೆಯ ಮೇಲೆ ಬಾಗಿದರು. “ಇರಲಿ ಬಿಡ್ರಿ. ನಿಮ್ಮ ತಮ್ಮನ ಸಾಮಾನು ಅಲ್ಲೇ ಇರಲಿ.”

ಹವಳ ತೊಟ್ಟಿಯಲ್ಲೇ ಉಳಿಯಿತು. ಚಿತ್ರ ಚಾಚಿಯ ಟ್ರಂಕು ಸೇರಿತು. ನನಗೊಂದು ಪ್ರತಿ ಕೇಳಬೇಕೆಂದು ಎಷ್ಟೋ ಸಲ ಹೋಗಿ, ಏನೆಂದುಕೊಂಡಾರೋ ಎಂದು ಬಿಸಿಲಿನ ಮಾತಾಡಿ ಮರಳಿದ್ದೇನೆ. ಮೊದಲು ಚಾಚಾ ಹೋದರು, ಆಮೇಲೆ ಚಾಚಿ... ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಧೈರ್ಯ ಮಾಡಿ ಕೇಳಿದರೂ, ಯಾವ ಫೋಟೊರಿ ಎಂದಾರು.