ತೊಲೆ ಮುರಿಯುವ ನೌಕರಿ

ಅವನ ತೂಕ ಸರಿಯಾಗಿ ನೂರು ಕಿಲೋ. ಹೆಂಡತಿಯೊಬ್ಬಳನ್ನು ಬಿಟ್ಟು ಊರೆಲ್ಲ ಅವನನ್ನು ಕ್ವಿಂಟಾಲಣ್ಣ ಎಂದೇ ಕರೆಯುತ್ತಿತ್ತು. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನಿಗೆ ಸೇತುವೆಗಳ ಪರೀಕ್ಷಾಲಯದಲ್ಲಿ ಕೆಲಸ ಸಿಕ್ಕಿದ್ದು ಆ ತೂಕದಿಂದಲೇ. ಓದಿದವರೆಲ್ಲ ಅರ್ಜಿ ಹಿಡಿದು ಸಾಲಾಗಿ ನಿಂತಿದ್ದರೆ ಇವನು ತಕ್ಕಡಿ ಹತ್ತಿ ಇಳಿದ, ಅಷ್ಟೇ.

ಪರೀಕ್ಷಾಲಯದ ನಡುವೆ ಒಂದು ತೊಲೆ. ಕೆಳಗೆ ಉಕ್ಕು, ಮೇಲೆ ಕಾಂಕ್ರೀಟು. ಒಂದರ ಮೇಲೊಂದು ಜಾರದಂತೆ ನಡುವೆ ಬೆಸುಗೆ ಹಾಕಿದ ದಪ್ಪ ಮೊಳೆಗಳು. ಬಕೆಟ್ಟಿನ ಹಿಡಿಯ ತಂತಿಯನ್ನು ಒಂದು ಸಲ ಬಗ್ಗಿಸಿದರೆ ಏನೂ ಆಗುವುದಿಲ್ಲ. ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಒಂದು ದಿನ ಪಟ್ಟನೆ ತುಂಡಾಗುತ್ತದಲ್ಲ, ಹಾಗೆ ಈ ತೊಲೆ ಯಾವಾಗ ಸೋಲುತ್ತದೆ ಎಂದು ನೋಡಬೇಕಿತ್ತು. ಅದನ್ನು ಕುಟ್ಟುವ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. ಪರೀಕ್ಷೆ ನಿಲ್ಲಬಾರದು ಎಂಬ ನಿಯಮ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಹಾಗಾಗಿ ಕ್ವಿಂಟಾಲಣ್ಣ ತೊಲೆಯ ನಟ್ಟನಡುವೆ ನಿಂತು ಬೆಳಗಿನಿಂದ ಸಂಜೆಯವರೆಗೆ ಜಿಗಿಯುತ್ತಿದ್ದ.

"ಇದು ಮುರಿದ ದಿನ ನಿನ್ನ ಕೆಲಸ ಖಾಯಂ ಕಣಯ್ಯಾ" ಎಂದಿದ್ದರು ಹಿರಿಯ ಇಂಜಿನಿಯರು. ಖಾಯಂ ಎಂಬ ಮಾತಿನಲ್ಲಿ ಅದೇನು ಮೋಡಿ ಇದೆಯೋ ನಾ ಕಾಣೆ. ಅದನ್ನು ಕೇಳಿದ ಮನುಷ್ಯನನ್ನು ಹಿಡಿದು ನಿಲ್ಲಿಸಲು ದೇವರಿಗೂ ಆಗುವುದಿಲ್ಲ.

ಹೊರೆ ಒಂದೇ ಸಮ ಇರಬೇಕೆಂಬುದು ಇಂಜಿನಿಯರ ವೇದವಾಕ್ಯ. ದಿನಾ ಬೆಳಿಗ್ಗೆ ತೂಕ ನೋಡುತ್ತಿದ್ದರು. ಮದುವೆಯೂಟ ಉಂಡು ಬಂದ ಮಾರನೆಯ ದಿನ ಅಂಗಳದ ಸುತ್ತ ಓಡಿಸಿದರು. ತಾಯಿ ತೀರಿಕೊಂಡಾಗ ಅವನಿಗೆ ಅನ್ನ ಸೇರದೆ ತೂಕ ಇಳಿಯಿತು. ಇಂಜಿನಿಯರು ಬೆನ್ನು ಸವರಿ, "ದುಃಖ ಆಗೋದು ಸಹಜ. ಆದ್ರೆ ಜಾಸ್ತಿ ಅಳಬೇಡ, ಅಷ್ಟೂ ನೀರು ಖರ್ಚಾಗುತ್ತೆ" ಎಂದು ಸಮಾಧಾನ ಹೇಳಿ, ಕಡಿಮೆ ಬಿದ್ದಷ್ಟು ಮರಳನ್ನು ಜೇಬಿಗೆ ತುಂಬಿದರು. ಆ ವಾರವೆಲ್ಲ ಅವನು ಮೂಗು ಒರೆಸಿಕೊಳ್ಳುತ್ತಲೇ ಜಿಗಿದ.

ವರ್ಷಗಳು ಕಳೆದರೂ ತೊಲೆ ಜಪ್ಪಯ್ಯ ಅನ್ನಲಿಲ್ಲ. ಅವನ ಮೊಣಕಾಲು ಮಾತ್ರ ಕಟಕಟ ಎನ್ನತೊಡಗಿತು. ಹೀಗೇ ಜಿಗಿದರೆ ನಡೆಯುವುದೂ ಕಷ್ಟ ಎಂದು ಡಾಕ್ಟರು ಹೆದರಿಸಿದರು. ಸಂಜೆ ಎಣ್ಣೆ ತಿಕ್ಕುತ್ತ ಹೆಂಡತಿ ಗೊಣಗಿದಳು:

"ಏನ್ರೀ, ಅದಕ್ಕೆ ಉಕ್ಕಿನ ಬೆನ್ನಿದೆ. ನಿಮಗೇನಿದೆ?"

"ಇನ್ನೇನು ಮುರಿಯುತ್ತೆ ಕಣೇ. ನಿನ್ನೆ ಸ್ವಲ್ಪ ನರಳ್ತು."

"ನರಳಿದ್ದು ನೀವು."

ಒಂದು ಮಧ್ಯಾಹ್ನ ಅವಳು ಬುತ್ತಿ ಹಿಡಿದು ಪರೀಕ್ಷಾಲಯದ ಬಾಗಿಲಿಗೆ ಬರುವುದಕ್ಕೂ, ಅವನು ಜಿಗಿದು ಬೀಳುವುದಕ್ಕೂ ಸರಿಹೋಯಿತು. ಟಕ್ ಎಂಬ ಸದ್ದು ಇಡೀ ಕಟ್ಟಡಕ್ಕೆ ಕೇಳಿಸಿತು.

"ಈಗಲೇ? ಸಾಧ್ಯವೇ ಇಲ್ಲ!" ಎಂದು ಕೂಗುತ್ತ ಇಂಜಿನಿಯರು ಟಾರ್ಚು, ಭೂತಗನ್ನಡಿ ಹಿಡಿದು ತೊಲೆಯ ಕೆಳಗೆ ತೂರಿದರು. ಬೆಸುಗೆಗಳನ್ನೆಲ್ಲ ಸವರಿದರು. ಕಾಂಕ್ರೀಟಿಗೆ ಕಿವಿಯಿಟ್ಟರು. ಮೇಲೆ ಕ್ವಿಂಟಾಲಣ್ಣ ಕಾಲು ಹಿಡಿದುಕೊಂಡು ಕೂತಿದ್ದ. ಜೀವ ಹೋಗುವಂಥ ನೋವು. ಆದರೂ ಆ ಸದ್ದು ತೊಲೆಯದ್ದೇ ಆಗಿರಲಪ್ಪಾ ಎಂದು ಅವನು ಕಣ್ಣುಮುಚ್ಚಿ ಬೇಡಿಕೊಳ್ಳುತ್ತಿದ್ದ.

"ಎಲ್ಲೂ ಬಿರುಕಿಲ್ಲವಲ್ಲಯ್ಯಾ! ಸದ್ದು ಎಲ್ಲಿಂದ ಬಂತು?"

"ನನ್ನ ಮೊಣಕಾಲಿಂದ ಸಾರ್."

"ಸದ್ಯ! ಬದುಕಿಕೊಂಡೆ!" ಇಂಜಿನಿಯರು ಎದೆಯ ಮೇಲೆ ಕೈಯಿಟ್ಟುಕೊಂಡರು. "ನನ್ನ ಲೆಕ್ಕವೇ ತಪ್ಪಾಯ್ತೇನೋ ಅಂತ ಹೆದರಿಬಿಟ್ಟಿದ್ದೆ. ನಿನ್ನ ತೂಕಕ್ಕೆ ಇದು ಇನ್ನೂ ಐವತ್ತು ವರ್ಷ ಮುರಿಯೋ ಹಾಗಿಲ್ಲ."

ಹೆಂಡತಿ ಬುತ್ತಿಯನ್ನು ನೆಲಕ್ಕಿಟ್ಟು, ತೊಲೆ ಹತ್ತಿ, ಗಂಡನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಕೆಳಗಿಳಿಸಿದಳು. ಇಂಜಿನಿಯರು ಗಡಿಯಾರ ನೋಡಿಕೊಂಡು ಚಡಪಡಿಸಿದರು.

"ಅಮ್ಮಾ, ಪರೀಕ್ಷೆ ನಿಲ್ಲೋ ಹಾಗಿಲ್ಲ. ನಿಮ್ಮ ತೂಕ ಎಷ್ಟು?"

"ಇವರನ್ನೂ ಸೇರಿಸಿ ತೂಗಿ ಸಾರ್" ಎಂದಳು ಅವಳು. "ಇನ್ಮೇಲೆ ನಮ್ಮಿಬ್ಬರನ್ನ ಬೇರೆ ಬೇರೆ ತೂಗೋಕಾಗಲ್ಲ."

ಇಂಜಿನಿಯರು ನಿಜವಾಗಿಯೂ ದೊಡ್ಡ ತಕ್ಕಡಿ ತರಲು ಒಳಗೆ ಓಡಿದರು. ಅದನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಗಂಡ ಹೆಂಡತಿ ಗೇಟು ದಾಟಿದ್ದರು. ಅವಳು ಹೆಜ್ಜೆ ಹೆಜ್ಜೆಗೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವನು ಕುಂಟುತ್ತ ಅವಳಿಗೆ ಸಮಾಧಾನ ಹೇಳುತ್ತಿದ್ದ.