ಮೇಷ್ಟ್ರು ಇಳಿಸಿಕೊಟ್ಟ ಶ್ರುತಿ

ಮೇಷ್ಟ್ರ ಎಡಗೈಯ ನಾಲ್ಕು ಬೆರಳುಗಳ ತುದಿಗಳು ಹುಣಸೆ ಬೀಜದ ಹಾಗೆ ಗಟ್ಟಿಯಾಗಿದ್ದವು. ಕುದಿಯುವ ಕಾಫಿಯ ಸ್ಟೀಲ್ ಲೋಟವನ್ನು ನಾವೆಲ್ಲ ಸೆರಗಿನಲ್ಲೋ ಕರ್ಚೀಫಿನಲ್ಲೋ ಹಿಡಿದುಕೊಂಡರೆ ಅವರು ಆ ಬೆರಳುಗಳಲ್ಲೇ ಎತ್ತಿ, "ತಗೊಳಮ್ಮ, ಆರೋಯ್ತದೆ" ಎಂದು ನನ್ನ ಮುಂದೆ ಹಿಡಿಯುತ್ತಿದ್ದರು. ಮೂವತ್ತು ವರ್ಷ ಗಿಟಾರಿನ ತಂತಿ ಒತ್ತಿ ಒತ್ತಿ ಆ ತುದಿಗಳಿಗೆ ಬಿಸಿಯೂ ತಂಪೂ ಒಂದೇ ಆಗಿತ್ತು. ಬಲಗೈಯಲ್ಲಿ ಬೇರೆ ಗುರುತುಗಳು, ಬೆಸುಗೆ ಹಾಕುವಾಗ ಸುಟ್ಟುಕೊಂಡ ಸಣ್ಣ ಸಣ್ಣ ಕಲೆಗಳು. ಹಗಲು ಮಂಡಿ ಮೊಹಲ್ಲಾದ ಒಂದು ಗೇಣಗಲದ ಅಂಗಡಿಯಲ್ಲಿ ರೇಡಿಯೊ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದರು. ಸಂಜೆಯಾದರೆ ನಮ್ಮ ಆರ್ಕೆಸ್ಟ್ರಾದ ಯಜಮಾನರು, ಅದರ ಗಿಟಾರ್ ವಾದಕರು. ಊರಿಗೆಲ್ಲ ಗಿಟಾರ್ ಮೇಷ್ಟ್ರು, ನನಗೆ ಬರೀ ಮೇಷ್ಟ್ರು.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅವರ ತಂಡ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಸಂಗೀತ ಕಲಿತವಳಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಅಡುಗೆಮನೆಯಲ್ಲಿ ರೇಡಿಯೊ ಜೊತೆಗೆ ಕಿರುಚಿ ಕಿರುಚಿ ಬಂದ ಗಂಟಲು ಅದು. ಆದರೆ ಒಳ್ಳೆಯ ಗಂಟಲು, ಇದನ್ನು ಹೇಳಿಕೊಳ್ಳಲು ನನಗೆ ಎಂದೂ ನಾಚಿಕೆಯಾಗಿಲ್ಲ. ಜಂಬ ನನಗೆ ಸ್ವಲ್ಪ ಜಾಸ್ತಿ ಎಂದು ಅಮ್ಮನೇ ಹೇಳುತ್ತಿದ್ದಳು. ಆಗ ಆರ್ಕೆಸ್ಟ್ರಾದವರಲ್ಲಿ ಒಂದು ಮಾನದ ಮಾತಿತ್ತು: ಒರಿಜಿನಲ್ ಸ್ಕೇಲ್. ಸಿನಿಮಾದಲ್ಲಿ ಗಾಯಕಿ ಯಾವ ಶ್ರುತಿಯಲ್ಲಿ ಹಾಡಿದ್ದಾಳೋ ಅದೇ ಶ್ರುತಿಯಲ್ಲಿ ಹಾಡಿದರೆ ಗಾಯಕಿ, ಇಳಿಸಿ ಹಾಡಿದರೆ ಭಜನೆ ಮನೆಯವಳು. ನಾನು ಒಂದು ಹಾಡನ್ನೂ ಇಳಿಸಿದವಳಲ್ಲ.

ವೇದಿಕೆಯ ಗದ್ದಲದಲ್ಲಿ ಶ್ರುತಿ ಹಿಡಿಯಲು ಅವರು ನನಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. "ಕಿವಿ ಕೈಕೊಟ್ರೆ ನನ್ನ ಕೈ ನೋಡು ಕಣಮ್ಮ. ಕೈ ಎಲ್ಲದೆ ಅಂತ ನೋಡ್ಕೊಂಡ್ರೆ ನಿನ್ನ ಹಾಡೂ ಅಲ್ಲೇ ಅದೆ." ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿಗಳಿಗೆ ನಾವು ಮೆಟ್ಟಿಲು ಅನ್ನುತ್ತಿದ್ದೆವು. ಯಾವ ಹಾಡಿಗೆ ಅವರ ತೋರುಬೆರಳು ಎಷ್ಟನೇ ಮೆಟ್ಟಿಲಲ್ಲಿ ನಿಲ್ಲುತ್ತದೆ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಅವರ ಕೈ ನೋಡುವುದು, ಕಣ್ಣು ಮುಚ್ಚುವುದು, ಹಾಡುವುದು. ಏಳು ವರ್ಷ ಹೀಗೇ ನಡೆಯಿತು.

ಆಮೇಲೆ ನನ್ನ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ದನಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಮೂರು ತಿಂಗಳು ಮನೆಯಲ್ಲಿ ಪಿಸುಗುಟ್ಟಿಕೊಂಡಿದ್ದೆ. ಮೇಷ್ಟ್ರು ವಾರಕ್ಕೊಮ್ಮೆ ಬಂದು ಅಂಗಡಿಯ ಸುದ್ದಿ ಹೇಳಿ ಹೋಗುತ್ತಿದ್ದರು. ಹಾಡಿನ ಮಾತೆತ್ತುತ್ತಿರಲಿಲ್ಲ. ನಾಲ್ಕನೇ ತಿಂಗಳು ಒಂದು ರಿಸೆಪ್ಷನ್ನಿನಲ್ಲಿ ಮೈಕ್ ಹಿಡಿದು ನಿಂತೆ. ಅವರ ಕೈ ನೋಡಿದೆ, ಬೆರಳು ಎಂದಿನ ಮೆಟ್ಟಿಲಲ್ಲೇ ಇತ್ತು. ಕಣ್ಣು ಮುಚ್ಚಿ ಎತ್ತಿದೆ. ದನಿ ಸ್ವಲ್ಪ ದಪ್ಪಗಾಗಿತ್ತು, ಆದರೆ ಚರಣದ ಮೇಲಿನ ಸ್ವರಕ್ಕೆ ಹೋಗಿ ಮುಟ್ಟಿತು. ವೇದಿಕೆ ಇಳಿದು ಬಂದು ಅತ್ತುಬಿಟ್ಟೆ. "ನೋಡಿದ್ರಾ ಮೇಷ್ಟ್ರೇ, ಏನೂ ಆಗಿಲ್ಲ!" ಎಂದೆ. "ಏನಾಗ್ತದೆ ನಿಂಗೆ, ಬುಡು," ಎಂದು ಅವರು ವೈರ್ ಸುತ್ತತೊಡಗಿದರು.

ಅದಾದ ಮೇಲಂತೂ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕತ್ತಿನ ಗಾಯದ ಗೆರೆ ತೋರಿಸಿಕೊಂಡು, "ಇದಾದ ಮೇಲೂ ಒರಿಜಿನಲ್ ಸ್ಕೇಲ್" ಎಂದು ಸಿಕ್ಕಿದವರಿಗೆಲ್ಲ ಹೇಳಿದೆ. ತಂಡಕ್ಕೆ ಹೊಸದಾಗಿ ಬಂದ ಒಬ್ಬ ಹುಡುಗಿ ನೆಗಡಿಯಾಗಿದೆ, ಒಂದು ಮೆಟ್ಟಿಲು ಇಳಿಸಿಕೊಡಿ ಎಂದಾಗ ಎಲ್ಲರ ಮುಂದೆ, "ಆಗದಿದ್ರೆ ಮನೇಲಿರಮ್ಮ, ಹಾಡನ್ನ ಯಾಕೆ ಕುಂಟಿಸ್ತೀಯ" ಅಂದುಬಿಟ್ಟೆ. ಆ ಹುಡುಗಿ ಮತ್ತೆ ಬರಲಿಲ್ಲ. ಮೇಷ್ಟ್ರು ಆ ದಿನ ನನ್ನನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಆಗ ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯವರು ದೇವರನಾಮದ ಕ್ಯಾಸೆಟ್ಟಿಗೆ ನನ್ನನ್ನು ಕರೆದರು. ಬುಧವಾರ ರೆಕಾರ್ಡಿಂಗ್. ಯಾವ ಶ್ರುತಿ ಎಂದು ಫೋನಿನಲ್ಲಿ ಕೇಳಿದಾಗ ನನ್ನ ಹಳೆಯ ಶ್ರುತಿಯನ್ನೇ ಠೀವಿಯಿಂದ ಹೇಳಿದೆ. ಅದಕ್ಕೆ ತಕ್ಕ ಹಾಗೆ ವಾದ್ಯಗಳನ್ನು ಮೊದಲೇ ರೆಕಾರ್ಡ್ ಮಾಡಿಡುತ್ತೇವೆ ಎಂದರು. ನನ್ನ ಹೆಸರಿನ ಕ್ಯಾಸೆಟ್! ಮೇಷ್ಟ್ರಿಗೆ ಹೇಳಿದರೆ ಅವರ ಮುಖ ಅರಳಲೇ ಇಲ್ಲ. "ಅವಸರ ಏನದೆ, ಇನ್ನೊಂದಷ್ಟು ದಿನ ತಡಿ," ಎಂದರು. ಆ ವಾರ ಎರಡು ಸಲ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಏನೂ ಹೇಳದೆ ಎದ್ದು ಹೋದರು. ಹೊಟ್ಟೆಕಿಚ್ಚು ಅಂದುಕೊಂಡೆ ನಾನು. ಹಾಗಂದುಕೊಂಡಿದ್ದು ನಿಜ, ಬರೆಯಲೇಬೇಕು.

ಆ ಭಾನುವಾರ ಬನ್ನಿಮಂಟಪದ ಒಂದು ಛತ್ರದಲ್ಲಿ ಬೀಗರ ಊಟಕ್ಕೆ ನಮ್ಮ ಕಾರ್ಯಕ್ರಮವಿತ್ತು. ಮಧ್ಯಾಹ್ನ ಒಂದೂವರೆ. ಪಂಕ್ತಿಯಲ್ಲಿ ಮುದ್ದೆ, ಮಟನ್ ಸಾರು. ಹಾಡು ಕೇಳುವವರಿಗಿಂತ ಮೂಳೆ ಕಡಿಯುವವರೇ ಹೆಚ್ಚು. ನಾನು ಮೇಷ್ಟ್ರ ಪಕ್ಕದಲ್ಲೇ, ಕೈಯಳತೆಯ ದೂರದಲ್ಲಿ ನಿಂತು ಚರಣದ ಮೇಲಿನ ಸ್ವರವನ್ನು ಎಳೆದು ಹಿಡಿದಿದ್ದೆ. ಕರೆಂಟ್ ಹೋಯಿತು.

ಫ್ಯಾನು, ಕೀಬೋರ್ಡು, ತಾಳದ ಪ್ಯಾಡು, ಮೈಕು ಎಲ್ಲ ಒಟ್ಟಿಗೆ ಸತ್ತವು. ಕರೆಂಟ್ ಹೋದರೂ ಹಾಡು ನಿಲ್ಲಿಸದವಳು ಎಂದು ನನಗೆ ಹೆಸರಿತ್ತು, ಹಾಗಾಗಿ ಸ್ವರ ಬಿಡಲಿಲ್ಲ. ಜನ ತಲೆಯೆತ್ತಿ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕೈಯೂ ಅಭ್ಯಾಸಬಲದಿಂದ ನಿಲ್ಲಲಿಲ್ಲ. ಎಲೆಕ್ಟ್ರಿಕ್ ಗಿಟಾರಿನ ದನಿ ಆಂಪ್ಲಿಫೈಯರ್ ಪೆಟ್ಟಿಗೆಯಿಲ್ಲದೆ ಬಹಳ ಸಣ್ಣದು, ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸುತ್ತದೆ. ನನಗೆ ಕೇಳಿಸಿತು. ಅದು ನನ್ನ ಶ್ರುತಿಯಲ್ಲಿರಲಿಲ್ಲ. ನನಗಿಂತ ಮೇಲಿತ್ತು, ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಕರಕರ ಎನ್ನುತ್ತಿತ್ತು.

ಮೇಷ್ಟ್ರು ತಪ್ಪಿದರು ಎಂದುಕೊಂಡು ಅವರ ಕೈ ನೋಡಿದೆ. ಬೆರಳು ಎಂದಿನ ಮೆಟ್ಟಿಲಲ್ಲೇ ಇತ್ತು. ಅಷ್ಟರಲ್ಲಿ ಅವರು ಅಂಗೈಯನ್ನು ತಂತಿಗಳ ಮೇಲೆ ಪಟ್ಟನೆ ಇಟ್ಟು ದನಿ ಅಡಗಿಸಿದರು. ಅಷ್ಟು ವರ್ಷಗಳಲ್ಲಿ ಅವರು ಹಾಡಿನ ನಡುವೆ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಮುಖ ನೋಡಿದೆ, ಬಿಳಿಚಿಕೊಂಡಿತ್ತು. ಕೀಬೋರ್ಡಿನವನ ಕಡೆ ತಿರುಗಿದೆ, ಅವನು ತನ್ನ ಚಪ್ಪಲಿ ನೋಡುತ್ತಿದ್ದ. ನನಗೆ ಅರ್ಥವಾಯಿತು: ಇಳಿದಿದ್ದು ನಾನು.

ಜನರೇಟರ್ ಹಾಕಿದರು. ನಾನು ಹಾಡಲಿಲ್ಲ. ಅಡುಗೆಮನೆಯ ಹಿಂದೆ, ಕೊಪ್ಪರಿಗೆ ತೊಳೆಯುವ ಜಾಗದಲ್ಲಿ ಅವರನ್ನು ನಿಲ್ಲಿಸಿಕೊಂಡೆ.

"ಎಷ್ಟು ಇಳಿಸಿದ್ದೀರಿ?"

"ಎರಡು ಮೆಟ್ಟಿಲು ಕಣಮ್ಮ."

"ಹೇಗೆ? ಕೈ ಅಲ್ಲೇ ಇತ್ತಲ್ಲ!"

ಅವರು ತಲೆ ತಗ್ಗಿಸಿಯೇ ಹೇಳಿದರು. ನನ್ನ ಆಪರೇಷನ್ನಿನ ಹೊತ್ತಿಗೆ ಯಾರೋ ರಿಪೇರಿಗೆ ತಂದು ಬಿಟ್ಟುಹೋದ ಒಂದು ವಿದೇಶಿ ಆಂಪ್ಲಿಫೈಯರನ್ನು ಅವರು ಕೊಂಡುಕೊಂಡಿದ್ದರು. ಅದರಲ್ಲಿ ದನಿಯನ್ನು ಏರಿಸುವ, ಇಳಿಸುವ ಒಂದು ತಿರುಪು ಇತ್ತು. ತಂತಿ ಹಳೆಯ ಶ್ರುತಿಯಲ್ಲೇ ಮಿಡಿಯುತ್ತದೆ, ಕೈ ಹಳೆಯ ಜಾಗದಲ್ಲೇ ಇರುತ್ತದೆ, ಪೆಟ್ಟಿಗೆಯಿಂದ ಹೊರಬರುವ ದನಿ ಮಾತ್ರ ಎರಡು ಮೆಟ್ಟಿಲು ಕೆಳಗೆ. ಕೀಬೋರ್ಡಿನಲ್ಲಿ ಅದಕ್ಕೊಂದು ಬಟನ್ ಇದ್ದೇ ಇತ್ತು. ನಾನು ಕೈ ನೋಡುವವಳು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

"ಆಪರೇಷನ್ ಆದ್ಮೇಲೆ ಮೊದಲ್ನೇ ದಿನ ನಿಂತ್ಕೊಂಡಾಗ ನಿನ್ನ ಮೈಕು ಗಡಗಡ ಅಂತಿತ್ತು ಕಣಮ್ಮ. ಇವತ್ತೊಂದಿನ ಅಂತ ತಿರುಗಿಸ್ಬುಟ್ಟೆ. ನೀನು ಅಷ್ಟು ಖುಷಿ ಪಟ್ಬುಟ್ಟೆ. ಆಮೇಲೆ ವಾಪಸ್ ತಿರುಗ್ಸಕ್ಕೆ ಕೈ ಬರ್ಲಿಲ್ಲ."

"ಬುಧವಾರ ನಾನು ಅಲ್ಲಿ ಹೋಗಿ ಹಳೇ ಶ್ರುತೀಲಿ ನಿಂತು ಮಾನ ಕಳ್ಕೋತಿದ್ದೆನಲ್ಲ!"

"ಹೇಳಕ್ಕೇಂತ ಎರಡ್ ಸಲ ಬಂದಿದ್ದೆ. ಬಾಯಿ ಬರ್ಲಿಲ್ಲ."

ನನಗೆ ಆ ಹುಡುಗಿಯ ಮುಖ ನೆನಪಾಯಿತು. ನಾನು ಬೀದಿಯಲ್ಲೆಲ್ಲ ತೋರಿಸಿಕೊಂಡು ತಿರುಗಿದ ಗಾಯದ ಗೆರೆ ನೆನಪಾಯಿತು. ಇಡೀ ತಂಡ ಬೆನ್ನ ಹಿಂದೆ ನಕ್ಕಿರಬೇಕು ಅನ್ನಿಸಿ ಮೈ ಉರಿಯಿತು. "ನನ್ನನ್ನ ಗೊಂಬೆ ಥರ ಕುಣಿಸ್ಬುಟ್ರಿ ಮೇಷ್ಟ್ರೇ. ನನ್ನ ಬಾಯಲ್ಲಿ ಸುಳ್ಳು ಹಾಡಿಸಿದ್ರಿ. ಇನ್ನು ನಿಮ್ಮ ಮುಖ ನೋಡಲ್ಲ," ಎಂದೆ.

"ಸುಳ್ಳು ಹೇಳಿದ್ದು ನನ್ನ ಗಿಟಾರು ಕಣಮ್ಮ. ನಿನ್ನ ಗಂಟಲಲ್ಲ. ಅದು ಇರೋದೇ ಅಂಗೆ, ಚೆನ್ನಾಗೇ ಅದೆ," ಎಂದರು. ನಾನು ಆಟೋ ಹತ್ತಿದೆ.

ಸೋಮವಾರ ಬೆಳಗ್ಗೆ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಹಾಕಿಕೊಂಡು, ಬೆವರುತ್ತ, ಕ್ಯಾಸೆಟ್ ಕಂಪನಿಗೆ ಫೋನ್ ಮಾಡಿದೆ. ಎರಡು ಮೆಟ್ಟಿಲು ಇಳಿಸಬೇಕು ಎನ್ನಲು ನನಗೆ ಮೂರು ಸಲ ನಾಲಿಗೆ ತೊದಲಿತು. ಆ ಕಡೆಯವರು, "ಅಷ್ಟೇ ತಾನೆ ಮೇಡಂ? ಇಳಿಸೋಣ ಬಿಡಿ," ಎಂದು ಫೋನಿಟ್ಟರು. ನಾನು ಪ್ರಾಣದ ಹಾಗೆ ಕಾಪಾಡಿಕೊಂಡಿದ್ದ ಮಾನದ ಮಾತು ಅಲ್ಲಿ ಮುಗಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಬುಧವಾರ ಹಾಡಿದೆ. ಚೆನ್ನಾಗಿಯೇ ಹಾಡಿದೆ. ಕ್ಯಾಸೆಟ್ ಬಂತು. ಮೇಷ್ಟ್ರಿಗೆ ಒಂದು ಪ್ರತಿ ಕೊಡಬೇಕು ಎಂದು ಮನಸ್ಸಿಗೆ ಬಂದಾಗಲೆಲ್ಲ, ಅವರೇ ಬರಲಿ ಎಂದುಕೊಂಡೆ. ಅವರು ಬರಲಿಲ್ಲ. ಮುಖ ನೋಡಲ್ಲ ಅಂದವಳು ನಾನು.

ಎಂಟು ತಿಂಗಳ ಮೇಲೆ ಒಂದು ಬೆಳಗ್ಗೆ ಕೀಬೋರ್ಡಿನವನು ಸೈಕಲ್ ತಳ್ಳಿಕೊಂಡು ನಮ್ಮ ಗೇಟಿನ ಹತ್ತಿರ ಬಂದ. "ಮೇಷ್ಟ್ರು ಹೋಗ್ಬುಟ್ರು ಅಕ್ಕ. ಅಂಗಡೀಲೇ. ಎದೆ ಹಿಡ್ಕೊಂಡು ಕೂತ್ರಂತೆ," ಎಂದ. ನನ್ನ ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮೊರವಿತ್ತು. ಅದನ್ನು ಎಲ್ಲಿಟ್ಟೆನೋ ನೆನಪಿಲ್ಲ. ಆ ದಿನ ಜನರ ನಡುವೆ ದೂರದಿಂದಲೇ ನೋಡಿ ಬಂದೆ, ಹತ್ತಿರ ಹೋಗುವ ಮುಖ ನನಗಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಂಗಡಿಯ ಹಿಂದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಕೂರಿಸಿ ನೀರು ಕೊಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಆ ಎರಡು ವರ್ಷದ ಮಾತು ತೆಗೆದರು. "ನಿಮ್ಮ ಪ್ರೋಗ್ರಾಂ ಮುಗಿಸ್ಕೊಂಡು ಬಂದ್ರೆ ಊಟಕ್ಕೂ ಕೂರ್ತಿರಲಿಲ್ಲ ಕಣಮ್ಮ. ಪೆಟ್ಟಿಗೆಗೆ ವೈರ್ ಸಿಗಿಸ್ದೆ ಅವೇ ಹಾಡ್ಗಳನ್ನ ಮತ್ತೆ ಮೊದಲಿಂದ ಬಾರಿಸೋರು. ಯಾಕ್ರೀ ಅಂದ್ರೆ, ಕೈ ಒಂದು ಹೇಳ್ತದೆ, ಕಿವಿಗೆ ಇನ್ನೊಂದು ಕೇಳ್ತದೆ, ತಲೆ ಸಿಡೀತದೆ, ಕಿವಿ ಸರಿ ಮಾಡ್ಕೋತೀನಿ ಇರು ಅನ್ನೋರು."

ಒಂದು ತಿರುಪು ತಿರುಗಿಸಿ ಆರಾಮಾಗಿ ನಿಂತಿದ್ದರು ಎಂದುಕೊಂಡಿದ್ದೆ ನಾನು. ಒಂದು ತಂತಿ ಕೂದಲೆಳೆಯಷ್ಟು ಸಡಿಲವಾದರೂ ಸಹಿಸದ ಕಿವಿ ಅದು. ಎರಡು ವರ್ಷ, ಪ್ರತಿ ಕಾರ್ಯಕ್ರಮದಲ್ಲೂ, ತನ್ನ ಕೈ ನುಡಿಸಿದ್ದನ್ನು ತಪ್ಪಾಗಿ ಕೇಳಿಸಿಕೊಂಡು ನಿಂತಿತ್ತು. ಒಂದು ದಿನವೂ ಅವರ ಮುಖದಲ್ಲಿ ನನಗದು ಕಾಣಲಿಲ್ಲ. ನಾನು ನೋಡುತ್ತಿದ್ದದ್ದು ಕೈಯನ್ನು ಮಾತ್ರ.

ಗೋಡೆಗೆ ಅವರ ಗಿಟಾರ್ ಒರಗಿತ್ತು. ವೈರ್ ಇರಲಿಲ್ಲ, ಪೆಟ್ಟಿಗೆಯಿರಲಿಲ್ಲ. ಸುಮ್ಮನೆ ಬೆರಳಲ್ಲಿ ಒಂದು ತಂತಿ ಮೀಟಿದೆ. ಬಂದದ್ದು ಎರಡು ಮೆಟ್ಟಿಲು ಕೆಳಗಿನ, ನನ್ನ ಈಗಿನ ಶ್ರುತಿ. ಇನ್ನೊಂದು ತಂತಿ ಮೀಟಿದೆ, ಅದೂ ಎರಡು ಮೆಟ್ಟಿಲು ಕೆಳಗಿತ್ತು. ಆರು ತಂತಿಗಳನ್ನೂ ಬಿರಡೆ ತಿರುವಿ ಒಂದೇ ಸಮ ಇಳಿಸಿಟ್ಟಿದ್ದರು.

"ನಿಮ್ಮ ಕ್ಯಾಸೆಟ್ ತಂದು ಹಾಕ್ಕೊಂಡು, ಅದರ ಜೊತೆ ಬಾರಿಸ್ತಾ ಇಳ್ಸಿದ್ದು," ಎಂದರು ಅವರ ಹೆಂಡತಿ. "ಯಾರೂ ಮುಟ್ಬ್ಯಾಡಿ, ಅವಳು ಬಂದ್ರೆ ಬೇಕಾಗ್ತದೆ ಅಂದಿದ್ರು."

ನಮ್ಮ ಮನೆಯಿಂದ ಮಂಡಿ ಮೊಹಲ್ಲಾ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಎಂಟು ತಿಂಗಳು ನಾನು ಹೋಗಿರಲಿಲ್ಲ.