ಗೋಲಿ ಮುಚ್ಚುವ ಮರಿಗಳು

ಭಾಗ್ಯಮ್ಮ ಕೆಲಸಕ್ಕಿರುವುದು ಎಲೆಕ್ಟ್ರಾನಿಕ್ ಸಿಟಿಯ ಒಂದು ಸಂಶೋಧನಾ ಕಂಪನಿಯ ಇಲಿ ಕೋಣೆಯಲ್ಲಿ. ನೀಲಿ ಬಟ್ಟೆ, ಮಾಸ್ಕು, ತಲೆಗೆ ಟೋಪಿ ಹಾಕಿಕೊಂಡು ಒಳಗೆ ಹೋದರೆ ಇನ್ನೂರು ಪಂಜರ. ನೀರಿನ ಬಾಟಲಿ ಬದಲಿಸಬೇಕು, ಒದ್ದೆಯಾದ ಹಾಸು ತೆಗೆದು ಹೊಸದು ಹಾಕಬೇಕು. ಸರ್ಜಾಪುರದ ಹತ್ತಿರ ಮೂವತ್ತು ವರ್ಷ ಹಸು ಸಾಕಿದ ಹೆಂಗಸು. ಹಸುಗಳನ್ನು ಮಾರಿದ ಮೇಲೆ ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆ ಕೋಣೆಗಳು ಎದ್ದವು. ಸುಮ್ಮನೆ ಕೂರಲಾಗದೆ ಈ ಕೆಲಸಕ್ಕೆ ಸೇರಿದಳು.

ಕಳೆದ ವರ್ಷ ಅವಳ ಕೋಣೆಗೆ ಹನ್ನೆರಡು ತಾಯಿ ಇಲಿಗಳ ಮರಿಗಳು ಬಂದವು. ಪಂಜರದ ಮೇಲೆ ತಾಯಿಯ ನಂಬರು ಮಾತ್ರ. ಮರಿಗಳು ಬಲಿತ ಮೇಲೆ ಒಂದೊಂದನ್ನೇ ದಪ್ಪ ಹಾಸಿನ ಪೆಟ್ಟಿಗೆಗೆ ಬಿಟ್ಟು, ಹಾಸಿನ ಮೇಲೆ ಇಪ್ಪತ್ತು ಗಾಜಿನ ಗೋಲಿ ಜೋಡಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಮುಚ್ಚಿಹೋದವು ಎಂದು ನೋಡುತ್ತಿದ್ದರು. ಪೆಟ್ಟಿಗೆ ತೊಳೆಯುವುದು ಭಾಗ್ಯಮ್ಮನ ಪಾಲು. ಕೆಲವು ಮರಿಗಳು ಐದಾರು ಗೋಲಿ ಮುಚ್ಚಿ ಮೂಲೆ ಸೇರುತ್ತಿದ್ದವು. ಇನ್ನು ಕೆಲವು ನಿಲ್ಲಿಸಲು ಬಾರದವರಂತೆ ಕೆದಕುತ್ತಲೇ ಇರುತ್ತಿದ್ದವು. ಅಂಥವು ಬೇರೆ ಇಲಿಯ ಹತ್ತಿರ ಹೋಗುವುದೂ ಕಡಿಮೆ.

"ಮೇಡಂ, ಈ ಏಳನೇ ನಂಬರಿನವು ಯಾಕೆ ಇಂಗಾಡ್ತವೆ?" ಎಂದು ಒಂದು ದಿನ ವಿಜ್ಞಾನಿ ಶೋಭಾರಾಣಿಯನ್ನು ಕೇಳಿದಳು.

"ನನಗೂ ಗೊತ್ತಿಲ್ಲ ಭಾಗ್ಯಮ್ಮ. ಗೊತ್ತಿರಲೂಬಾರ್ದು. ಗೊತ್ತಿದ್ರೆ ಲೆಕ್ಕ ಹಾಕೋವಾಗ ಮನಸ್ಸು ಒಂದು ಕಡೆ ವಾಲುತ್ತೆ. ಬಸುರಿದ್ದಾಗ ಅರ್ಧ ತಾಯಿಗಳಿಗೆ ಒಂದು ಇಂಜೆಕ್ಷನ್ ಕೊಟ್ಟಿದ್ದಾರೆ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಅನ್ನೋ ಪಟ್ಟಿ ಬೇರೆಯವರ ಹತ್ರ ಇದೆ."

"ಇಂಜೆಕ್ಷನ್ನಲ್ಲಿ ಕಾಯ್ಲೆ ಐತಾ?"

"ಇಲ್ಲ, ವೈರಸ್ ಥರ ಕಾಣೋ ಪದಾರ್ಥ ಅಷ್ಟೆ. ಅದು ಬೆಳೆಯಲ್ಲ, ಹರಡಲ್ಲ. ಆದ್ರೆ ತಾಯಿ ಮೈ ಕಾಯಿಲೆ ಬಂತು ಅಂದ್ಕೊಂಡು ಹೋರಾಟಕ್ಕಿಳಿಯುತ್ತೆ, ಉರಿಯೂತ ಏಳುತ್ತೆ. ಆ ಗಲಾಟೆ ಹೊಟ್ಟೆಯಲ್ಲಿರೋ ಮರಿಯ ಮಿದುಳಿನ ಬೆಳವಣಿಗೆಗೆ ತಟ್ಟುತ್ತಾ ಅಂತ ನೋಡ್ತಿದ್ದೀವಿ."

ಜ್ವರ ಬಂದ ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುವುದನ್ನು ಭಾಗ್ಯಮ್ಮ ಕಂಡಿದ್ದಳು. ಆದರೆ ರೋಗ ಮರಿಯನ್ನು ಮುಟ್ಟದಿದ್ದರೂ ತಾಯಿಯ ಮೈಯ ಹೋರಾಟವೇ ಮರಿಗೆ ತಟ್ಟಬಹುದು ಎನ್ನುವ ಮಾತು ಅವಳಿಗೆ ಹೊಸದು. ಮನೆಗೆ ಬಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದರಿಂದ ಹನ್ನೆರಡರವರೆಗೆ ಬರೆದು, ಇಂಜೆಕ್ಷನ್ ಬಿದ್ದಿರಬಹುದು ಅನ್ನಿಸಿದ ನಂಬರುಗಳಿಗೆ ಗುರುತು ಹಾಕತೊಡಗಿದಳು.

ಅದೇ ದಿನಗಳಲ್ಲಿ ಒಂದು ಭಾನುವಾರ ಬೆಳಗ್ಗೆ, ಮನೆ ಹಿಂದಿನ ಬಾಡಿಗೆ ಕೋಣೆಯ ಶೈಲಾ ಒಗೆಯುವ ಕಲ್ಲಿನ ಹತ್ತಿರ ನಡುಗುತ್ತ ಕೂತಿದ್ದಳು. ರಾಯಚೂರು ಕಡೆಯವಳು, ಐದು ತಿಂಗಳ ಬಸುರಿ. ಗಂಡ ಮುತ್ತಣ್ಣ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಕೆಲಸಕ್ಕೆ ಹೋಗಿದ್ದ. ಭಾಗ್ಯಮ್ಮ ಹಣೆ ಮುಟ್ಟಿ ನೋಡಿದಳು. ಸುಡುತ್ತಿತ್ತು.

"ಏನಿಲ್ರೀ ಅಮ್ಮಾ. ನಾಕು ದಿನದಿಂದ ಒಂದಕ್ಕ ಹೋದ್ರ ಉರೀತೈತಿ. ನಿನ್ನೆಯಿಂದ ಬೆನ್ನು ಹಿಡದೈತಿ. ಇಂಥಾದ್ದು ಇವರ ಮುಂದ ಹೆಂಗ ಹೇಳ್ಲಿ?"

ಮೊದಲಾಗಿದ್ದರೆ ಭಾಗ್ಯಮ್ಮ ಎಳನೀರು ಕುಡಿ ಎಂದು ಸುಮ್ಮನಾಗುತ್ತಿದ್ದಳು. ಅವತ್ತು ಆಟೋ ಕರೆಸಿದಳು. ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿ, ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು. ಹೀಗೇ ಬಿಟ್ಟಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವಿತ್ತು ಎಂದು ಡಾಕ್ಟರು ಹೇಳಿ, ಮೂರು ದಿನ ಒಳಗಿಟ್ಟುಕೊಂಡು ಔಷಧಿ ಕೊಟ್ಟರು. ಜ್ವರ ಇಳಿಯಿತು.

ಶೈಲಾಳಿಗೆ ಇಲಿಯ ವಿಷಯ ಹೇಳುವ ಧೈರ್ಯ ಭಾಗ್ಯಮ್ಮನಿಗೆ ಬರಲಿಲ್ಲ. ಶೋಭಾರಾಣಿಯನ್ನೇ ಕೇಳಿದಳು. "ನಮ್ಮನೆ ಹುಡುಗಿಗೆ ಸೋಂಕಾಗಿ ಜ್ವರ ಬಂದಿತ್ತು ಮೇಡಂ. ಮಗೂನೂ ಆ ಏಳನೇ ನಂಬರಿನಂಗೆ ಆಗ್ತದಾ?"

ಶೋಭಾರಾಣಿ ಬರೆಯುವುದನ್ನು ನಿಲ್ಲಿಸಿದರು. "ಇಲಿ ನೋಡಿ ಒಂದು ಮಗು ಬಗ್ಗೆ ಹೇಳೋಕೆ ಆಗಲ್ಲ. ಬಸುರಿನಲ್ಲಿ ಜ್ವರ ಬಂದ ಹೆಚ್ಚಿನವರ ಮಕ್ಕಳು ಚೆನ್ನಾಗೇ ಇರ್ತಾರೆ. ಅಪಾಯ ಸ್ವಲ್ಪ ಜಾಸ್ತಿ ಆಗಬಹುದು, ಅಷ್ಟೆ. ಬೇಗ ಕರ್ಕೊಂಡು ಹೋದ್ರಲ್ಲ, ಅದೇ ಮಾಡಬೇಕಾಗಿದ್ದು."

ಎರಡು ತಿಂಗಳಾದ ಮೇಲೆ ಪಟ್ಟಿ ತೆರೆದರು. ಭಾಗ್ಯಮ್ಮ ಮಡಚಿದ ಕ್ಯಾಲೆಂಡರ್ ಹಾಳೆ ತಂದು ಮೇಜಿನ ಮೇಲಿಟ್ಟಳು. ಹನ್ನೆರಡರಲ್ಲಿ ಹತ್ತು ಸರಿ ಇದ್ದವು. ಶೋಭಾರಾಣಿ ಆ ಹಾಳೆಯ ಫೋಟೋ ತೆಗೆದುಕೊಂಡರು. ಭಾಗ್ಯಮ್ಮನ ಕಣ್ಣು ಮಾತ್ರ ತಪ್ಪಿದ ಎರಡರ ಮೇಲೆಯೇ ಇತ್ತು. ನಾಲ್ಕು ಮತ್ತು ಹನ್ನೊಂದು. ಆ ತಾಯಿಗಳಿಗೂ ಇಂಜೆಕ್ಷನ್ ಬಿದ್ದಿತ್ತು. ಅವೂ ಮಂಕಾಗಿ ಕೂತು ತೂಕ ಕಳೆದುಕೊಂಡಿದ್ದವು ಎಂದು ಪಟ್ಟಿಯಲ್ಲಿತ್ತು. ಮರಿಗಳು ಮಾತ್ರ ಉಪ್ಪುನೀರಿನ ತಾಯಿಗಳ ಮರಿಗಳಂತೆಯೇ ಇದ್ದವು.

"ಅವು ಎಂಗೆ ತಪ್ಪಿಸ್ಕಂಡ್ವು ಮೇಡಂ?"

"ಗೊತ್ತಿಲ್ಲ. ಇನ್ನು ಮುಂದೆ ಹುಡುಕಬೇಕಾಗಿರೋದು ಅದನ್ನೇ."

ಶೈಲಾಳಿಗೆ ದಿನ ತುಂಬಿ ಹೆಣ್ಣು ಮಗುವಾಯಿತು. ಈಗ ಏಳು ತಿಂಗಳು. ಬೇರೆ ಇಲಿಯ ಹತ್ತಿರ ಹೋಗದ ಆ ಮರಿಗಳು ನೆನಪಾಗಿ, ಭಾಗ್ಯಮ್ಮ ದಿನವೂ ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆಯುತ್ತಾಳೆ. ಮಗು ತಿರುಗಿ ನೋಡಿ ನಗುತ್ತದೆ.

"ದಿನಾ ಯಾಕ್ರೀ ಹಿಂದ ನಿಂತು ಕರೀತೀರಿ?" ಎಂದು ಒಂದು ಸಂಜೆ ಶೈಲಾ ಕೇಳಿದಳು. ಭಾಗ್ಯಮ್ಮ ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಶೈಲಾ ಮಗುವನ್ನು ತೊಡೆಗೆ ಎಳೆದುಕೊಂಡಳು. ಆಮೇಲೆ ಕೇಳಿದಳು.

"ಆ ಎರಡು ತಾಯಿ ಬ್ಯಾರೆ ಏನಾರ ತಿಂತಿದ್ವೇನು?"

"ಎಲ್ಲಕ್ಕೂ ಒಂದೇ ಉಂಡೆ ಕಣಮ್ಮ."

"ಹಂಗಾರ ತಿಂದದ್ದಲ್ಲ ಬಿಡ್ರಿ. ಜ್ವರ ಎಲ್ಲಕ್ಕೂ ಒಂದ ಸಮ ಬಂದಿತ್ತೇನು? ಎಷ್ಟು ದಿನ ಇತ್ತು?"

ಭಾಗ್ಯಮ್ಮನಿಗೆ ಅದು ಗೊತ್ತಿರಲಿಲ್ಲ. ನಾಳೆ ಮೇಡಮ್ಮನವರನ್ನು ಕೇಳುತ್ತೇನೆ ಎಂದಳು.